ಚಿನ್ನದ ಮೇಲೆ ಥೈಮಿನ್: ತಗ್ಗು ಕಾಣಿಸುವವರೆಗೆ

ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ನಾನು ಮೊದಲು ಕೈಗೆತ್ತಿಕೊಂಡದ್ದು ಥೈಮಿನ್. ಅದು ಚಿನ್ನದ ಎಲೆಕ್ಟ್ರೋಡ್‌ಗೆ ಅಂಟಿಕೊಂಡದ್ದನ್ನು ನಾನು ತಿಳಿಯುವುದು ಕೆಪಾಸಿಟೆನ್ಸ್ ರೇಖೆಯಿಂದ, ಅಂದರೆ ವಿಭವ (ವೋಲ್ಟೇಜ್) ಬದಲಿಸುತ್ತ ಹೋದಂತೆ ಎಲೆಕ್ಟ್ರೋಡ್‌ನ ಮೈ ಎಷ್ಟು ವಿದ್ಯುದಾವೇಶ ಹಿಡಿದಿಡಬಲ್ಲದು ಎಂದು ತೋರಿಸುವ ರೇಖೆಯಿಂದ. ಅಣುಗಳು ಲೋಹದ ಪಕ್ಕದ ನೀರನ್ನು ಸರಿಸಿ ಒತ್ತೊತ್ತಾಗಿ ಹಾಸಿಕೊಂಡರೆ, ಆ ವಿಭವಗಳ ವ್ಯಾಪ್ತಿಯಲ್ಲಿ ರೇಖೆ ಕಡಿದಾದ ತಗ್ಗಿಗೆ ಬೀಳುತ್ತದೆ. ಪಾದರಸದ ಮೇಲೆ ಇಂಥ ತಗ್ಗನ್ನು ಚೆಕ್ ವಿಜ್ಞಾನಿ ವೆಟ್ಟರ್ಲ್ 1960ರ ದಶಕದಲ್ಲೇ ಗುರುತಿಸಿದ್ದರು.

ನನ್ನ ರೇಖೆಯಲ್ಲಿ ಮಾತ್ರ ಮೊದಲಿಗೆ ಇದ್ದದ್ದು ಮಂಕಾದ ಇಳಿಜಾರು. ಏಕಸ್ಫಟಿಕ ಚಿನ್ನದ (111) ಮುಖವನ್ನು, ಅಂದರೆ ಪರಮಾಣುಗಳು ಒತ್ತಾಗಿ ಜೋಡಿಸಿಕೊಂಡ ಸಮತಟ್ಟು ಮೈಯನ್ನು, ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ದ್ರಾವಣಕ್ಕೆ ಆ ಒಂದು ಮುಖ ಮಾತ್ರ ತಾಗುವಂತೆ ಹಿಡಿದಿದ್ದೆ. ಆರ್ಗಾನ್ ಹಾಯಿಸಿ ಆಮ್ಲಜನಕವನ್ನೂ ಓಡಿಸಿದ್ದೆ. ಕೊರತೆ ಗಾಜಿನಲ್ಲಿತ್ತು: ಪಾತ್ರೆಗೆ ಹತ್ತಿದ್ದ ಸಾವಯವ ಕೊಳೆ ಥೈಮಿನ್‌ಗಿಂತ ಮೊದಲೇ ಚಿನ್ನವನ್ನು ಆಕ್ರಮಿಸುತ್ತಿತ್ತು. ಗಾಜನ್ನೆಲ್ಲ ಬಿಸಿ ಆಮ್ಲದಲ್ಲಿ ನೆನೆಸಿ, ಅತಿಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದ ಮೇಲೆ 12 ಮಿಲಿಮೋಲಾರ್ ಥೈಮಿನ್‌ನಲ್ಲಿ ತಗ್ಗು ಚೂಪಾಗಿ ಮೂಡಿತು. ಅಂಚುಗಳು ಗೋಡೆಯಂತೆ ನೇರವಾಗಿದ್ದವು. ಆ ಸಂಜೆ ನಾನು ಅದೇ ಅಳತೆಯನ್ನು ಸುಮ್ಮನೆ, ನೋಡುವುದಕ್ಕೆಂದೇ, ಮೂರು ಬಾರಿ ಮಾಡಿದೆ.

ನನಗೆ ಇಲ್ಲಿ ಮುಖ್ಯವೆನಿಸುವುದು ವಿಭವ. ತಗ್ಗಿನ ವ್ಯಾಪ್ತಿಯಲ್ಲಿ ಥೈಮಿನ್ ಅಣುಗಳು ಚಪ್ಪಟೆಯಾಗಿ ಮಲಗಿ, ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಲೋಹದೊಡನೆ ನಂಟು ಸಡಿಲ. ವಿಭವವನ್ನು ಇನ್ನಷ್ಟು ಧನದತ್ತ ಒಯ್ದರೆ ಮೂರನೆಯ ಸ್ಥಾನದ ನೈಟ್ರೋಜನ್ ತನ್ನ ಪ್ರೋಟಾನ್ ಬಿಟ್ಟುಕೊಡುತ್ತದೆ, ಅಣು ಎದ್ದು ನಿಂತು ಚಿನ್ನಕ್ಕೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದ್ದರಿಂದ ವಿಭವ ಹೇಳದೆ “ಥೈಮಿನ್ ಹೇಗೆ ಅಂಟುತ್ತದೆ” ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಈ ಎರಡನೆಯ ಹಂತ ನನ್ನನ್ನು ಹೆಚ್ಚು ಕಾಡಿತು. ತಗ್ಗು ಚೆನ್ನಾಗಿಯೇ ಇದ್ದರೂ ಅಣು ಬೆಸೆದುಕೊಳ್ಳುವಾಗ ಧನ ಬದಿಯಲ್ಲಿ ರೇಖೆ ಏರುವ ಶಿಖರ ಗಂಟೆಗಂಟೆಗೂ ಜಾಗ ಬದಲಿಸುತ್ತಿತ್ತು. ಹೊಸ ದ್ರಾವಣದಲ್ಲಿ ಸರಿಯಾಗಿ, ಹಳತಾದಂತೆ ಕೆಡುತ್ತಿದ್ದುದರಿಂದ ಏನೋ ಒಳಗೆ ಸೋರುತ್ತಿದೆ ಎಂದು ಊಹಿಸಿದೆ. ವಿಭವ ಅಳೆಯಲು ಹೋಲಿಕೆಗೆಂದು ಇಡುವ ಕ್ಯಾಲೊಮೆಲ್ ರೆಫರೆನ್ಸ್ ಎಲೆಕ್ಟ್ರೋಡ್‌ನಿಂದ ಕ್ಲೋರೈಡ್ ಇಳಿಯುತ್ತಿತ್ತು. ಧನ ವಿಭವದಲ್ಲಿ ಕ್ಲೋರೈಡ್‌ಗೂ ಚಿನ್ನವೆಂದರೆ ಬಲು ಪ್ರೀತಿ. ಜಾಗಕ್ಕಾಗಿ ಅದು ಥೈಮಿನ್‌ನೊಡನೆ ಪೈಪೋಟಿಗಿಳಿದಿತ್ತು. ನಡುವೆ ಪರ್ಕ್ಲೋರೇಟ್ ದ್ರಾವಣ ತುಂಬಿದ ಲವಣ ಸೇತುವೆ (ಎರಡು ದ್ರಾವಣಗಳನ್ನು ಸುಲಭವಾಗಿ ಬೆರೆಯಗೊಡದೆ ಜೋಡಿಸುವ ನಳಿಕೆ) ಇಟ್ಟ ಬಳಿಕ ಶಿಖರ ನಿಂತಲ್ಲೇ ನಿಂತಿತು.

ಡಿಎನ್‌ಎಯ ಇನ್ನೊಂದು ಬೇಸ್ ಅಡೆನಿನ್ ಬೇರೆಯೇ ಸ್ವಭಾವದ್ದು. ಅದರ ನೈಟ್ರೋಜನ್‌ಗಳು ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಎಳೆಗಳಾಗಿ ಜೋಡಿಸಿದಾಗ ಈ ಅಂತರ ಎದ್ದು ಕಾಣುತ್ತದೆ: ಬರೀ ಅಡೆನಿನ್ ಇರುವ ಎಳೆ ಚಿನ್ನದ ಮೇಲೆ ಒರಗಿಬಿಡುತ್ತದೆ, ಥೈಮಿನ್ ಎಳೆ ಅಷ್ಟಾಗಿ ಒರಗುವುದಿಲ್ಲ. ಹಾಗಾಗಿ ಈಗ ಡಿಎನ್‌ಎ ಸೆನ್ಸರ್‌ಗೆ ಎಳೆ ಕೂರಿಸುವಾಗ ಚಿನ್ನಕ್ಕೆ ಕಚ್ಚಿಕೊಳ್ಳುವ, ಗಂಧಕವಿರುವ ಥಯೋಲ್ ತುದಿಗೂ ಎಳೆಯ ಮುಖ್ಯ ಭಾಗಕ್ಕೂ ನಡುವೆ ಕೆಲವು ಥೈಮಿನ್‌ಗಳನ್ನು ಸೇರಿಸುತ್ತೇನೆ. ಒರಗಿದ ಬೇಸ್‌ಗಳನ್ನು ಎಬ್ಬಿಸಲು ಕೊನೆಯಲ್ಲಿ ಮರ್ಕ್ಯಾಪ್ಟೋಹೆಕ್ಸನಾಲ್ ಎಂಬ ಪುಟ್ಟ ಥಯೋಲ್ ಹಾಕುತ್ತೇನೆ.