ಹೆಂಚು ಎಣಿಸಿ ಅರ್ಜಿ ಬರೆದೆವು

ನಾನು ನಮ್ಮ ಸಭೆಯ ಖಜಾಂಚಿ. ಧಾರವಾಡ ಸೀಮೆಯ ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಜನರ ಕೂಟ, ನಮ್ಮದು, 42 ಮನೆಗಳು. ಜಾಸ್ತಿ ಜನ ಕೂಲಿಗೆ ಹೋಗುವವರು.

ಒಂದು ಮಳೆಗಾಲ ದೇವಾಲಯದ ಮಾಡು ವೇದಿಯ ಮೇಲೇ ಸೋರಿತು. ಅಯ್ಯನವರು (ನಮ್ಮ ಪಾದ್ರಿ) ಬೈಬಲ್ಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪ್ರಸಂಗ ಮುಗಿಸಿದರು. ಅವತ್ತು ಸಂಜೆಯೇ ಕಮಿಟಿ ಕೂತಿತು. ಹೆಂಚು ತೆಗೆದು ಶೀಟ್ ಹೊದಿಸಲು ಗುತ್ತಿಗೆದಾರ ಹೇಳಿದ್ದು 9 ಲಕ್ಷ. ಸಭೆಯ ಖಾತೆಯಲ್ಲಿದ್ದದ್ದು 61,000.

"ಫಾರಿನ್ನಿಂದ ತರಿಸೋಣ" ಅಂತ ಎಲ್ಲರೂ ಒಂದೇ ಸಲ ಹೇಳಿದರು. ಅಲ್ಲಿಗೇ ನಮ್ಮ ಎರಡು ತಿಂಗಳು ಹೋಯಿತು. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಇಲ್ಲವೇ ಕೇಂದ್ರ ಗೃಹ ಇಲಾಖೆಯ ಪೂರ್ವಾನುಮತಿ ಬೇಕು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನೋಂದಣಿ ಇರುವ ದೊಡ್ಡ ಸಂಸ್ಥೆಯೊಂದು ಪಡೆದು ನಮಗೆ ದಾಟಿಸಲಿ ಅಂದರೆ, 2020ರ ತಿದ್ದುಪಡಿಯಿಂದ ಆ ದಾರಿಯೂ ಮುಚ್ಚಿದೆ.

ಆದರೆ ಇಲ್ಲೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಹೊರದೇಶದಲ್ಲಿ ದುಡಿದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ದುಬೈಯಲ್ಲಿರುವ ನಮ್ಮ ಹುಡುಗರು ಕಳಿಸಬಹುದು. ಅಮೆರಿಕದ ಪೌರತ್ವ ತೆಗೆದುಕೊಂಡ ನಮ್ಮ ಸೋದರಮಾವ ಕಳಿಸುವಂತಿಲ್ಲ. ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. "ನಮ್ಮಪ್ಪ ಕಟ್ಟಿದ ಗುಡಿಗೆ ನಾ ಕೊಡಾಕ ಆಗೂದಿಲ್ಲೇನೋ?" ಅಂತ ಫೋನಿನಲ್ಲಿ ಕೇಳಿದರು. ಅವರಿಗೆ ಬೇಡ ಅನ್ನುವಾಗ ನನಗೂ ಸಂಕಟವಾಯಿತು. ಆದರೆ ಒಬ್ಬರಿಗಾಗಿ ಇಡೀ ಸಭೆಯನ್ನು ತೊಂದರೆಗೆ ಸಿಕ್ಕಿಸಲು ಆಗುತ್ತದಾ?

ಸಂಸದರ ನಿಧಿ ಕೇಳೋಣ ಅಂದರು ಕೆಲವರು. ಪೂಜಾಸ್ಥಳದ ಒಳಗಾಗಲಿ, ಧಾರ್ಮಿಕ ಸಂಸ್ಥೆಯ ಜಾಗದಲ್ಲಾಗಲಿ ಆ ನಿಧಿಯಿಂದ ಕೆಲಸ ಮಾಡಿಸುವಂತಿಲ್ಲ. ಇದು ಮೊದಲೇ ಗೊತ್ತಿದ್ದರೆ ಎರಡು ಸಲ ಅಲೆಯುವುದು ತಪ್ಪುತ್ತಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕ್ರೈಸ್ತ ಸಮುದಾಯದ ಅಭಿವೃದ್ಧಿಗೆ ಯೋಜನೆ ಇದೆ. ಚರ್ಚ್ ದುರಸ್ತಿ, ಸಮುದಾಯ ಭವನ, ಸ್ಮಶಾನದ ಕಾಂಪೌಂಡ್, ಇವೆಲ್ಲ ಅದರಲ್ಲಿ ಬರುತ್ತವೆ. ಅರ್ಜಿ ಜಿಲ್ಲಾ ಕಚೇರಿಗೆ ಕೊಡಬೇಕು.

ಕೊಟ್ಟೆವು. ವಾಪಸ್ ಬಂತು. "ಸರ್, ಜಾಗ ನಿಮ್ಮ ಸಭೆ ಹೆಸರಲ್ಲಿ ಇಲ್ಲವಲ್ಲ" ಅಂದರು ಗುಮಾಸ್ತರು. ನಿಜ, ಉತಾರದಲ್ಲಿ (ಜಾಗದ ಹಕ್ಕಿನ ದಾಖಲೆ) ಇನ್ನೂ ಹಿಂದಿನ ಸ್ವಿಸ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಹೆಸರೇ ಇತ್ತು. ಸಿ.ಎಸ್.ಐ. ಆಸ್ತಿಗಳೆಲ್ಲ ಅವನ್ನು ನೋಡಿಕೊಳ್ಳುವ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತವೆ, ಸಭೆಯ ಹೆಸರಿಗೆ ಬರುವುದಿಲ್ಲ. ಹಾಗಾಗಿ ಬಿಷಪ್ಪರ ಆಡಳಿತವಾದ ಡಯಾಸಿಸ್‌ನಿಂದ ಒಪ್ಪಿಗೆ ಪತ್ರ, ಹಳೆಯ ದಾಖಲೆಗಳ ನಕಲು, ಸಭೆಯ ಠರಾವು, ಮೂರು ವರ್ಷದ ಆಡಿಟ್, ಎಲ್ಲ ಜೋಡಿಸಬೇಕಾಯಿತು. ಐದು ತಿಂಗಳು ಹಿಡಿಯಿತು. ಬೇರೆ ಸಭೆಯವರಿಗೆ ನಾನು ಹೇಳುವುದು ಇದನ್ನೇ: ಮಾಡು ಸೋರುವ ಮುಂಚೆಯೇ ಆಸ್ತಿ ಕಾಗದ ತೆಗೆದು ನೋಡಿ.

ಅಂದಾಜು ಪಟ್ಟಿಗೆ ಸರ್ಕಾರಿ ದರಪಟ್ಟಿ ಗೊತ್ತಿರುವ ಇಂಜಿನಿಯರ್ ಬೇಕು. ಬಂದವರು ಒಂದು ಒಡೆದ ಹೆಂಚನ್ನು ತಿರುಗಿಸಿ ಪಾಚಿ ಉಜ್ಜಿದರು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865 ಅಂತ ಅಚ್ಚು ಕಾಣಿಸಿತು. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚಿನದಲ್ಲ. "ಇದನ್ನ ಯಾಕೆ ತೆಗೀತೀರಿ? ಕೆಟ್ಟಿರೋದು ಮರ, ಹೆಂಚಲ್ಲ" ಅಂದರು. ಯುವಜನ ಸಂಘದ ಹುಡುಗರು ಏಣಿ ಹಾಕಿ ಎಣಿಸಿದರು. ಸುಮಾರು 2,700 ಹೆಂಚು. ಚದರ ಮೀಟರಿಗೆ 15ರ ಲೆಕ್ಕದಲ್ಲಿ 180 ಚದರ ಮೀಟರ್, ಅಳತೆಗೆ ಸರಿಹೋಯಿತು. ಒಡೆದದ್ದು 600 ಮಾತ್ರ. ಗೆದ್ದಲು ತಿಂದ ರೀಪರ್ (ಹೆಂಚು ಕೂರಿಸುವ ಮರದ ಪಟ್ಟಿ), ನಾಲ್ಕು ತೊಲೆ ಬದಲಿಸಿದರೆ ಸಾಕಿತ್ತು. ಅಂದಾಜು 6.4 ಲಕ್ಷಕ್ಕೆ ಇಳಿಯಿತು. ಸೋರುವ ಜಾಗ, ತಿಂದ ಮರ, ಎಲ್ಲದರ ಫೋಟೋಗೆ ನಂಬರ್ ಹಾಕಿ ಪಟ್ಟಿಯ ಜೊತೆ ಸೇರಿಸಿದೆವು. ಎರಡನೇ ಸಲ ಅರ್ಜಿ ವಾಪಸ್ ಬರಲಿಲ್ಲ.

ಕೇಳಿದಷ್ಟು ಪೂರ್ತಿ ಮಂಜೂರಾಗಲಿಲ್ಲ. ಉಳಿದದ್ದಕ್ಕೆ ದುಬೈಯ ಹುಡುಗರು ಕೊಟ್ಟರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಕುಂಬಳಕಾಯಿಯನ್ನು ಮೂರು ಸಲ ಕೂಗಿದರು. ಕೊಂಡವರು ಕೊಂಡವರೇ ವಾಪಸ್ ಕೊಟ್ಟರು. ಕೂಲಿ ಮಾಡುವ ಅಜ್ಜಿಯೊಬ್ಬರು ಎರಡು ದಿನದ ಪಗಾರ ತಂದು ನನ್ನ ಕೈಯಲ್ಲಿಟ್ಟರು. ಅವರಿಗೂ ರಸೀದಿ ಬರೆದುಕೊಟ್ಟೆ.

ಅನುದಾನ ಕಂತಿನಲ್ಲಿ ಬಂತು. ಮೊದಲ ಕಂತಿನ ಬಿಲ್ಲು, ಫೋಟೋ, ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆ ಎರಡನೆಯದು. ಈ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆಗೆದಿದ್ದರಿಂದ ಲೆಕ್ಕ ಒಪ್ಪಿಸುವುದು ಒಂದೇ ದಿನದ ಕೆಲಸವಾಯಿತು.

ಈಗ ಸ್ಮಶಾನದ ಕಾಂಪೌಂಡಿಗೆ ಅರ್ಜಿ ತಯಾರು ಮಾಡುತ್ತಿದ್ದೇವೆ. ಸೋಮವಾರ ಅದರ ಉತಾರ ತೆಗೆಸಲು ತಾಲ್ಲೂಕು ಕಚೇರಿಗೆ ಹೋಗಬೇಕು.