ಲ್ಯಾವೆಂಡರ್ ಜಾಗಕ್ಕೆ ಕೊತ್ತಂಬರಿ ಬೀಜದ ಎಣ್ಣೆ: ನನ್ನ ಅನುಭವ

ಲ್ಯಾವೆಂಡರ್ ಬಿಟ್ಟು ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಮಸಾಜ್ ಬ್ಲೆಂಡ್ (ಎಣ್ಣೆಗಳ ಮಿಶ್ರಣ) ಮಾಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಮೈಯೆಲ್ಲ ಮಸಾಲೆ ವಾಸನೆ ಹೊಡೆಯುತ್ತೆ, ಬಂದವರು ಎದ್ದು ಹೋಗ್ತಾರೆ" ಅಂದರು. ಈಗ ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದೇ ಬಾಟಲಿ ಕೇಳುತ್ತಾರೆ. ಬೇಡ ಅಂದವರಲ್ಲೇ ಇಬ್ಬರು ಮೂವರು ನನ್ನಿಂದ ಬ್ಲೆಂಡ್ ಒಯ್ಯುತ್ತಿದ್ದಾರೆ. ಸಂತೋಷವೇ.

ಮೊದಲು ದುಡ್ಡು ಹೋದ ವಿಷಯ ಹೇಳುತ್ತೇನೆ, ನಿಮ್ಮದಾದರೂ ಉಳಿಯಲಿ. ಒಬ್ಬ ಮಾರಾಟಗಾರ ಬೇರೆಯವರ ಬೆಲೆಯ ಮೂರನೇ ಒಂದು ಭಾಗಕ್ಕೆ ಎಣ್ಣೆ ಕೊಟ್ಟ. ಜೊತೆಗೆ ಜಿಸಿ ರಿಪೋರ್ಟ್ (ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಅಂತ ತೋರಿಸುವ ಲ್ಯಾಬ್ ವರದಿ) ಕೂಡ ಇತ್ತು. ಪರಿಮಳದ ಮುಖ್ಯ ಅಂಶವಾದ ಲಿನಲೂಲ್ 70 ಶೇಕಡಾ ಆಸುಪಾಸು. ಬೀಜದ ಎಣ್ಣೆಯಲ್ಲಿ ಸಾಮಾನ್ಯವಾಗಿ 60ರಿಂದ 80 ಇರುತ್ತದೆ, ಅಲ್ವಾ? ಕಾಗದದ ಮೇಲೆ ಎಲ್ಲ ಸರಿ. ಆದರೆ ವಾಸನೆ ನೋಡುವ ಕಾಗದದ ಪಟ್ಟಿ ಬೇರೆಯೇ ಹೇಳಿತು.

ಪಟ್ಟಿಯ ತುದಿಗೆ ಒಂದು ಹನಿ ಸಾಕು. ಅಸಲಿ ಎಣ್ಣೆಯಾದರೆ ಮೊದಲಿಗೆ ಪೈನ್ ಮರದ ಅಂಟಿನಂಥ ಚುರುಕು ವಾಸನೆ ಬರುತ್ತದೆ, ಅದರಲ್ಲೊಂದು ಸಣ್ಣ ಕರ್ಪೂರದ ಎಳೆ. ಐದ್ಹತ್ತು ನಿಮಿಷದಲ್ಲಿ ಅದು ಇಳಿದು ಹೂವಿನ ಸಿಹಿ, ಒಣಮರದ ಪರಿಮಳ ಮೇಲೆ ಬರುತ್ತದೆ. ನನಗೆ ಬಂದ ಮಾಲು ಮೊದಲಿಂದ ಕೊನೆಯವರೆಗೂ ಒಂದೇ ಥರ ಸಿಹಿ. ಲ್ಯಾಬಿಗೆ ಕಳಿಸಿ ಆಪ್ಟಿಕಲ್ ರೊಟೇಶನ್, ಅಂದರೆ ಎಣ್ಣೆ ಬೆಳಕನ್ನು ಯಾವ ಕಡೆಗೆ ಎಷ್ಟು ತಿರುಗಿಸುತ್ತದೆ ಅನ್ನುವುದನ್ನು ನೋಡಿಸಿದೆ. ಕೊತ್ತಂಬರಿಯ ಲಿನಲೂಲ್ ಬಹುಪಾಲು ಬೆಳಕನ್ನು ಬಲಕ್ಕೆ ತಿರುಗಿಸುವಂಥದ್ದು. ಕಾರ್ಖಾನೆಯ ಲಿನಲೂಲ್‌ನಲ್ಲಿ ಎಡ, ಬಲ ಎರಡೂ ಸಮ ಇರುವುದರಿಂದ ಅಳತೆ ಸೊನ್ನೆಯ ಹತ್ತಿರ ನಿಲ್ಲುತ್ತದೆ. ನನ್ನ ಎಣ್ಣೆಯೂ ಅಲ್ಲೇ ನಿಂತಿತ್ತು. ದುಡ್ಡು ವಾಪಸ್ ಬರಲಿಲ್ಲ. ಪರೀಕ್ಷೆಯ ಖರ್ಚು ಎಣ್ಣೆಯ ಬೆಲೆಗಿಂತ ಜಾಸ್ತಿಯಾಯಿತು. ಈಗ ಆ ರೊಟೇಶನ್ ಅಂಕಿ ಕೊಡದವರ ಹತ್ತಿರ ನಾನು ಎಣ್ಣೆ ತೆಗೆದುಕೊಳ್ಳುವುದಿಲ್ಲ.

ಒಳ್ಳೆಯ ಎಣ್ಣೆ ಸಿಕ್ಕ ಮೇಲೂ ಬ್ಲೆಂಡ್ ಕೈಗೆ ಬರಲಿಲ್ಲ. ಎಳ್ಳೆಣ್ಣೆಯಲ್ಲಿ ಹಾಕಿದರೆ ಎಳ್ಳಿನ ವಾಸನೆಯೇ ಗೆದ್ದಿತು. ಹನಿ ದುಪ್ಪಟ್ಟು ಮಾಡಿದೆ. ಖರ್ಚು ದುಪ್ಪಟ್ಟಾಯಿತು, ಪರಿಮಳ ಮಾತ್ರ ಅರ್ಧ ಗಂಟೆ ನಿಲ್ಲಲಿಲ್ಲ. ಕೊನೆಗೆ ಕೆಲಸ ಕೊಟ್ಟಿದ್ದು ಎರಡು ಬದಲಾವಣೆ. ಕ್ಯಾರಿಯರ್ (ಪರಿಮಳದ ಎಣ್ಣೆಯನ್ನು ತೆಳು ಮಾಡುವ ಮೂಲ ಎಣ್ಣೆ) ಆಗಿ ವಾಸನೆಯಿಲ್ಲದ, ಗಟ್ಟಿಯಾಗದ ಫ್ರಾಕ್ಷನೇಟೆಡ್ ತೆಂಗಿನೆಣ್ಣೆ. ಪರಿಮಳ ಹೆಚ್ಚು ಹೊತ್ತು ನಿಲ್ಲಲಿ ಅಂತ ತಳಕ್ಕೆ ಸ್ವಲ್ಪ ಲಾವಂಚದ ಎಣ್ಣೆ. 30 ಎಂಎಲ್‌ಗೆ ಎಲ್ಲ ಸೇರಿ 12 ಹನಿ, ಅಂದರೆ ಸುಮಾರು 2 ಶೇಕಡಾ. ಅದರಲ್ಲಿ ಎಂಟು ಹನಿ ಕೊತ್ತಂಬರಿ. ಉಳಿದ ನಾಲ್ಕರಲ್ಲಿ ಲಾವಂಚ ಎಷ್ಟು, ಮೂರನೆಯ ಎಣ್ಣೆ ಯಾವುದು ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದು ಹೇಳುತ್ತೇನೆ: ಎಸೆನ್ಷಿಯಲ್ ಆಯಿಲ್‌ಗಳನ್ನು (ಪರಿಮಳದ ಸಾರದ ಎಣ್ಣೆಗಳನ್ನು) ಮೊದಲು ತಮ್ಮಲ್ಲೇ ಬೆರೆಸಿ ಕೆಲವು ದಿನ ಮುಚ್ಚಿಡಿ. ಕ್ಯಾರಿಯರ್ ಆಮೇಲೆ.

ಹೆಗಲು, ಕುತ್ತಿಗೆ ಬಿಗಿದವರಿಗೆ ಇದು ತುಂಬ ಹಿತ. ಲ್ಯಾವೆಂಡರ್ ಹಚ್ಚಿದಾಗ ನಿದ್ದೆಗೆ ಜಾರುವವರು ಇದರಲ್ಲಿ ಹಗುರಾಗಿ ಎದ್ದು ಕೆಲಸಕ್ಕೆ ಹೋಗುತ್ತಾರೆ. ಹೂವಿನ ವಾಸನೆ ಬೇಡ ಅನ್ನುವವರಿಗೂ ಹಿಡಿಸಿತು. ಹೊಟ್ಟೆ ಉಬ್ಬರ ಅಂದವರಿಗೆ 1 ಶೇಕಡಾ ಬ್ಲೆಂಡ್ ಹಾಕಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ ನಿಧಾನ ಉಜ್ಜುತ್ತೇನೆ. ಆರಾಮ ಸಿಗುತ್ತದೆ. ಅದರಲ್ಲಿ ಅರ್ಧ ಪಾಲು ಕೈಗೆ ಸೇರಬೇಕು, ಎಲ್ಲವನ್ನೂ ಎಣ್ಣೆಗೇ ಕೊಡಲಾರೆ. ಕುಡಿಯುವುದಕ್ಕೆ ಯಾರಿಗೂ ಕೊಡುವುದಿಲ್ಲ. ಗರ್ಭಿಣಿಯರು ಬಂದರೆ ಮೊದಲು ಡಾಕ್ಟರನ್ನು ಕೇಳಿಬನ್ನಿ ಅನ್ನುತ್ತೇನೆ.

ಈ ನಡುವೆ ಕೊತ್ತಂಬರಿ ಸೊಪ್ಪಿನ ಎಣ್ಣೆಯನ್ನೂ ನೋಡಿದೆ. ಅದು ಪೂರ್ತಿ ಬೇರೆ ಸಾಮಾನು. ಆಲ್ಡಿಹೈಡ್ ಅನ್ನುವ ಘಾಟು ವಾಸನೆಯ ಅಂಶ ಜಾಸ್ತಿ, ಸೋಪು ಮತ್ತು ತಿಗಣೆ ಸೇರಿದಂಥ ವಾಸನೆ. ಡಿಫ್ಯೂಸರ್‌ಗೆ ಎರಡೇ ಹನಿ ಹಾಕಿದ್ದಕ್ಕೆ ಎಲ್ಲರೂ ಕಿಟಕಿ ತೆರೆದರು. ಬೀಜದ ಎಣ್ಣೆ ಮೂರು ಹನಿ ಹಾಕಿ ನೋಡಿ, ಕೋಣೆ ತಿಳಿಯಾಗುತ್ತದೆ.

ನಾನೇ ಭಟ್ಟಿ ಇಳಿಸಿದ್ದೂ ಉಂಟು. ಇಡೀ ಬೀಜ ಹಾಕಿದಾಗ ಎಣ್ಣೆ ಬರಲೇ ಇಲ್ಲ ಅನ್ನಬಹುದು. ತರಿಯಾಗಿ ಕುಟ್ಟಿ ತಕ್ಷಣ ಪಾತ್ರೆಗೆ ತುಂಬಿದಾಗ ಎರಡು ಕೆಜಿಗೆ ಆರೇಳು ಎಂಎಲ್ ಬಂತು ಅಂತ ನೆನಪು. ಕುಟ್ಟಿ ರಾತ್ರಿಯಿಡೀ ಬಿಟ್ಟರೆ ಪರಿಮಳ ಗಾಳಿಗೆ ಹೋಗುತ್ತದೆ. ಉರಿಯ ಖರ್ಚು ಸೇರಿಸಿದರೆ ಕೊಂಡ ಎಣ್ಣೆಯೇ ಅಗ್ಗ. ಆದರೆ ಆಗ ಉಳಿದ ಪರಿಮಳದ ನೀರು, ಅಂದರೆ ಹೈಡ್ರೋಸಾಲ್‌ನಲ್ಲಿ ಟವೆಲ್ ನೆನೆಸಿ, ಮಸಾಜ್ ಮುಗಿದವರ ಮುಖಕ್ಕೆ ಕೊಟ್ಟೆ. ಎಲ್ಲರೂ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಹೈಡ್ರೋಸಾಲ್‌ಗಾಗಿಯೇ ಇನ್ನೊಮ್ಮೆ ಇಳಿಸುವ ಆಸೆ ಇದೆ.

ಬಾಟಲಿ ಇಡುವ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಲಿನಲೂಲ್ ಗಾಳಿಗೆ ಸಿಕ್ಕಿ ಆಕ್ಸಿಡೈಸ್ ಆದರೆ ಚರ್ಮಕ್ಕೆ ಅಲರ್ಜಿ ತರಬಲ್ಲದು. ಅರ್ಧ ಖಾಲಿಯಾದ ಬಾಟಲಿಯನ್ನು ಸುಮ್ನೆ ಹಾಗೇ ಇಡುವುದಿಲ್ಲ. ಕಂದು ಗಾಜಿನ 5 ಎಂಎಲ್ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ತಾರೀಕು ಬರೆದು ಫ್ರಿಜ್‌ನಲ್ಲಿಡುತ್ತೇನೆ. ಹಳೆಯದಾಗಿ ವಾಸನೆ ಮಂಕಾದ ಎಣ್ಣೆ ಎಷ್ಟೇ ದುಬಾರಿಯದಾದರೂ ಮೈಗೆ ಹಚ್ಚುವುದಿಲ್ಲ. ಹೊಸಬರು ಬಂದರೆ ಮೊಣಕೈ ಒಳಭಾಗಕ್ಕೆ ಒಂದಿಷ್ಟು ಬ್ಲೆಂಡ್ ಹಚ್ಚಿ ಒಂದು ದಿನ ನೋಡಿದ ಮೇಲೇ ಮಸಾಜ್.