ವಾದಿ ಅಂದರೆ ವಕೀಲರಲ್ಲ, ನೀವೇ: ದಾವೆ ಹಾಕುವ ಮೊದಲು ಇಷ್ಟು ತಿಳಿದಿರಲಿ

ಹೊಲದ ಪಾಲಿಗಾಗಿ ನಮ್ಮವ್ವ ದಾವೆ ಹಾಕಿದ್ದಳು. ಪೇಶಿಯ ದಿನ, ಅಂದರೆ ವಿಚಾರಣೆಯ ದಿನ, ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಪಹಣಿ ತುಂಬಿದ ಪ್ಲಾಸ್ಟಿಕ್ ಚೀಲ. ಒಳಗಿನಿಂದ ಜವಾನ ದಾವೆಯ ನಂಬರ್ ಹೇಳಿ, ‘ವಾದಿ... ವಾದಿ...’ ಎಂದು ಮೂರು ಸಲ ಕೂಗಿದ. ಅವ್ವ ಏಳಲಿಲ್ಲ. ವಾದ ಮಾಡುವವರು ವಕೀಲರು, ಅಂದಮೇಲೆ ವಾದಿ ಅಂದರೆ ವಕೀಲರೇ ಅಲ್ವಾ ಅನ್ನೋದು ಅವಳ ಲೆಕ್ಕ. ವಕೀಲರು ಆ ಹೊತ್ತಿಗೆ ಬೇರೆ ಹಾಲ್‌ನಲ್ಲಿದ್ದರು. ಎದುರಿನವರು ಹಾಜರಿದ್ದರು. ದಾವೆ ವಜಾ ಆಯಿತು.

ಒಂದು ಪದ ಗೊತ್ತಿಲ್ಲದ್ದಕ್ಕೆ ಹೀಗಾಯಿತು. ಅದಕ್ಕೇ ಈ ಲೇಖನ.

ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದವರೇ ವಾದಿ. ಯಾರ ಮೇಲೆ ಹಾಕುತ್ತೀರೋ ಅವರು ಪ್ರತಿವಾದಿ. ವಕೀಲರು ವಾದಿಯ ಪರವಾಗಿ ಮಾತಾಡುತ್ತಾರೆ, ಅಷ್ಟೆ. ನಿಜಾಮರ ಕಾಲದಲ್ಲಿ ಕಲಬುರಗಿಯ ಕೋರ್ಟುಗಳು ನಡೆದದ್ದು ಉರ್ದುವಿನಲ್ಲಿ. ಆಗ ವಾದಿಗೆ ‘ಮುದ್ದಈ’ ಅನ್ನುತ್ತಿದ್ದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಪೇಶಿ, ವಕಾಲತ್ತು, ದಾವಾ ಇವತ್ತಿಗೂ ನಮ್ಮ ಬಾಯಲ್ಲೇ ಇವೆ. ‘ಮುದ್ದಈ ಸುಸ್ತ್, ಗವಾಹ್ ಚುಸ್ತ್’ ಎಂಬ ಉರ್ದು ಮಾತನ್ನೂ ಕೇಳಿರುತ್ತೀರಿ. ವಾದಿಗೆ ಆಲಸ್ಯ, ಸಾಕ್ಷಿಗೆ ಹುರುಪು ಅಂತ ಅರ್ಥ.

ಮೊದಲ ಹೆಜ್ಜೆ, ಯಾವ ಬಾಗಿಲು ಬಡಿಯಬೇಕು ಅನ್ನೋದನ್ನು ನಿರ್ಧರಿಸಿ. ನಿಮ್ಮ ಹೆಸರಿನ ಹಿಂದೆ ಯಾವ ಪದ ಬರುತ್ತದೆ ಅನ್ನೋದು ಅದರ ಮೇಲೆ ನಿಂತಿದೆ. ಪೊಲೀಸ್ ಠಾಣೆಗೆ ಹೋದರೆ ನೀವು ಫಿರ್ಯಾದಿ. ಎಫ್‌ಐಆರ್ ಆದಮೇಲೆ ಕೋರ್ಟಿನಲ್ಲಿ ಕೇಸು ನಡೆಸುವುದು ಸರ್ಕಾರ, ನೀವು ಸಾಕ್ಷಿ. ಗ್ರಾಹಕರ ಆಯೋಗದಲ್ಲಿ ದೂರುದಾರ. ಅಪಘಾತದ ಪರಿಹಾರ ಕೇಳಿದರೆ, ಇಲ್ಲವೇ ಹೈಕೋರ್ಟಿಗೆ ರಿಟ್ ಹಾಕಿದರೆ ಅರ್ಜಿದಾರ. ಆಸ್ತಿ, ಪಾಲು, ಸಾಲ ವಸೂಲಿ, ಕರಾರು ಮುರಿದದ್ದು, ಇಂಥವಕ್ಕೆ ಮಾತ್ರ ವಾದಿ.

ನಮ್ಮ ಭಾಗದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಪಕ್ಕದ ಹೊಲದವರು ಬದು ಒಡೆದು ಎರಡು ಸಾಲು ತೊಗರಿ ಒಳಗೆ ತಂದರು ಅನ್ನಿ. ನಾವು ಠಾಣೆಗೆ ಓಡುತ್ತೇವೆ. ಹೊಡೆದಾಟ ಆಗಿದ್ದರೆ ಪೊಲೀಸರು ನೋಡುತ್ತಾರೆ. ಹೊಲ ಯಾರದು ಅಂತ ತೀರ್ಮಾನಿಸುವುದು ಅವರ ಕೆಲಸವಲ್ಲ, ಅದು ಸಿವಿಲ್ ಕೋರ್ಟಿನದು. ಠಾಣೆಗೆ ಅಲೆದ ದಿನಗಳಿಗಾಗಿ ದಾವೆ ಹಾಕುವ ಕಾಲಮಿತಿ ಕಾಯುವುದಿಲ್ಲ. ಕೊಟ್ಟ ಸಾಲ ಕೇಳಲು ಸಾಮಾನ್ಯವಾಗಿ 3 ವರ್ಷ. ಮಾಲೀಕತ್ವದ ಮೇಲೆ ಜಮೀನಿನ ಕಬ್ಜಾ ವಾಪಸ್ ಕೇಳಲು 12 ವರ್ಷ. ದಾವೆ ಸರ್ಕಾರದ ಮೇಲಾದರೆ, ತೀರಾ ತುರ್ತಿಲ್ಲದಿದ್ದಲ್ಲಿ, 2 ತಿಂಗಳು ಮೊದಲೇ ನೋಟಿಸ್ ಕೊಡಬೇಕು.

ಎರಡನೆಯದು, ವಾದಿಗಳು ಯಾರು ಯಾರು ಅಂತ ಕೂತು ಲೆಕ್ಕ ಹಾಕಿ. ಪಾಲಿನ ದಾವೆಯಲ್ಲಿ ಹಕ್ಕಿರುವ ಒಬ್ಬರನ್ನೂ ಬಿಡುವಂತಿಲ್ಲ. ‘ತಂಗಿಯನ್ನು ಮದುವೆ ಮಾಡಿ ಕಳಿಸಿದ್ದೀವಿ, ಅವಳ ಹೆಸರು ಯಾಕೆ’ ಅನ್ನುವವರು ಇನ್ನೂ ಇದ್ದಾರೆ. 2005ರ ತಿದ್ದುಪಡಿ ಆದಮೇಲೆ ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ನಿಮ್ಮ ಜೊತೆ ವಾದಿಯಾಗಲು ಅವಳಿಗೆ ಇಷ್ಟವಿಲ್ಲದಿದ್ದರೆ ಪ್ರತಿವಾದಿಯಾಗಿಯಾದರೂ ಸೇರಿಸಿ. ಅದು ಜಗಳವಲ್ಲ. ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ತನ್ನ ಪಾಲು ಕೇಳಬಹುದು, ಹಾಗಾಗಿ ಅಲ್ಲಿ ಎಲ್ಲರೂ ಒಂದು ರೀತಿಯಲ್ಲಿ ವಾದಿಗಳೇ. ಅಪ್ರಾಪ್ತ ಮಕ್ಕಳಿದ್ದರೆ ಅವರ ಪರವಾಗಿ ದೊಡ್ಡವರೊಬ್ಬರು ನಿಲ್ಲಬೇಕು.

ಮೂರನೆಯದು ವಾದಪತ್ರ. ಮೇಲುಗಡೆ ಕೋರ್ಟಿನ ಹೆಸರು. ಅದರ ಕೆಳಗೆ ‘ವಾದಿ’ ಎಂದು ಬರೆದು ಹೆಸರು, ತಂದೆ ಇಲ್ಲವೇ ಗಂಡನ ಹೆಸರು, ವಯಸ್ಸು, ಉದ್ಯೋಗ, ವಾಸ. ಸಹಿ ಹಾಕುವ ಮೊದಲು ಈ ಸಾಲನ್ನು ಬೆರಳಿಟ್ಟು ಓದಿ, ಓದಲು ಬರದಿದ್ದರೆ ಓದಿಸಿ ಕೇಳಿ. ಆಧಾರಿನಲ್ಲಿ ಶಾಂತಮ್ಮ, ಪಹಣಿಯಲ್ಲಿ ಶಾಂತಾಬಾಯಿ ಅಂತಿದ್ದರೆ ಸುಮ್ನೆ ಒಂದನ್ನು ಹಾಕಿ ಬಿಡಬೇಡಿ. ‘ಶಾಂತಮ್ಮ ಉರ್ಫ್ ಶಾಂತಾಬಾಯಿ’ ಎಂದೇ ಬರೆಸಿ. ಇಲ್ಲದಿದ್ದರೆ ಪಾಟೀ ಸವಾಲಿನಲ್ಲಿ, ಅಂದರೆ ಎದುರಿನ ವಕೀಲರು ಪ್ರಶ್ನೆ ಕೇಳುವಾಗ, ‘ಈ ಪಹಣಿ ನಿಮ್ಮದೇ ಅಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಏನಾಯಿತು, ಯಾವಾಗ ಆಯಿತು, ಈ ಕೋರ್ಟಿಗೇ ಯಾಕೆ ಬಂದಿರಿ, ಏನು ಕೇಳುತ್ತೀರಿ, ಅದರ ಬೆಲೆ ಎಷ್ಟು, ಇವೆಲ್ಲ ಇರಬೇಕು. ಜಮೀನಾದರೆ ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ).

ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವಿದೆ. ವಕೀಲರ ಜೊತೆ ಕೋರ್ಟ್ ಶುಲ್ಕವೂ ಅದರಲ್ಲಿ ಬರುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಇನ್ನು ವಾದಿಯ ಹೊರೆ. ಒಂದು ಸಂಗತಿ ನಿಜ ಅಂತ ಹೇಳಿ ತೀರ್ಪು ಕೇಳುವವರೇ ಅದನ್ನು ಸಾಬೀತು ಮಾಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಹಾಗೇ ಇದೆ. ಎದುರಿನವರ ಕಾಗದ ಸುಳ್ಳು ಅಂತ ತೋರಿಸಿದ ಮಾತ್ರಕ್ಕೆ ಹೊಲ ನಿಮ್ಮದಾಗುವುದಿಲ್ಲ. ನಿಮ್ಮ ಕಾಗದ ಗಟ್ಟಿ ಇರಬೇಕು.

ಗೆದ್ದಮೇಲೆ ಹೆಸರು ಮತ್ತೆ ಬದಲಾಗುತ್ತದೆ. ಡಿಕ್ರಿ, ಅಂದರೆ ತೀರ್ಪಿನ ಆದೇಶ, ಜಾರಿಗೆ ಹಾಕಿದರೆ ನೀವು ಡಿಕ್ರಿದಾರ. ಸೋತವರು ಅಪೀಲು ಹೋದರೆ ಅವರು ಮೇಲ್ಮನವಿದಾರ, ನೀವು ಎದುರುದಾರ. ಆ ಪದ ನೋಡಿ ಗಾಬರಿಯಾಗಬೇಡಿ. ವಿಷಯ ಹೈಕೋರ್ಟ್ ತನಕ ಹೋದರೂ ಬೆಂಗಳೂರಿಗೆ ಓಡಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಿಂದ ಕಲಬುರಗಿಯಲ್ಲೇ ಕಾಯಂ ಆಗಿದೆ. ಬೀದರ್, ಯಾದಗಿರಿಯವರಿಗೂ ಇದೇ ಪೀಠ.

ಪೇಶಿಯ ದಿನಕ್ಕೆ ಒಂದು ಮಾತು. ನಿಮ್ಮ ದಾವೆಯ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ವಕೀಲರು ಬರುತ್ತಾರಾ ಅಂತ ಹಿಂದಿನ ದಿನವೇ ಕೇಳಿ. ವಾದಿಯ ಕಡೆಯವರು ಯಾರೂ ಇಲ್ಲದೆ ದಾವೆ ವಜಾ ಆದರೆ 30 ದಿನದೊಳಗೆ ಸರಿಯಾದ ಕಾರಣ ಕೊಟ್ಟು ಅರ್ಜಿ ಹಾಕಿ. ಎದುರಿನವರು ಮಾತ್ರ ಹಾಜರಿದ್ದು ವಜಾ ಆಗಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕಲು ಬರುವುದಿಲ್ಲ. ಆಗ ಈ ಅರ್ಜಿಯೇ ದಾರಿ.

ಅವ್ವನ ಅರ್ಜಿಯನ್ನು ಇಪ್ಪತ್ತನೇ ದಿನ ಹಾಕಿದೆವು. ದಾವೆ ಮತ್ತೆ ಫೈಲಿಗೆ ಬಂತು. ಮುಂದಿನ ಪೇಶಿಯಿಂದ ಅವಳು ಬೆಂಚಿನ ಮೇಲೆ ಕೂರಲಿಲ್ಲ. ಚೀಲ ಹಿಡಿದು ಹಾಲಿನ ಬಾಗಿಲಲ್ಲೇ ನಿಲ್ಲುತ್ತಿದ್ದಳು. ‘ವಾದಿ’ ಅಂದ ಕೂಡಲೇ ‘ನಾನೇ ಇದ್ದೀನ್ರೀ’ ಅನ್ನುತ್ತಿದ್ದಳು.